ಯಾವ ಬಾಳೆ, ಯಾವ ಗುಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಾಳೆಯ ತಳಿಗಳ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಎತ್ತಿಕೊಂಡಿದ್ದೇವೆ. ಒಂದೇ ವಿಷಯ ಕೇಳಿದವರಿಗೆ ಒಟ್ಟಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ಕೇರಳದಲ್ಲಿರುವ ನಮ್ಮ ನೆಂಟರು ‘ಮೈಸೂರು ಪೂವನ್’ ಎಂಬ ಹಣ್ಣಿನ ಬಗ್ಗೆ ಹೇಳುತ್ತಿರುತ್ತಾರೆ. ಅದು ನಮ್ಮ ರಸಬಾಳೆಯೇ? ಅಂಗಡಿಯಲ್ಲಿ ರಸಬಾಳೆ ಎಂದು ಕೊಟ್ಟ ಹಣ್ಣು ಕೆಲವೊಮ್ಮೆ ಹುಳಿಯಾಗಿರುವುದು ಏಕೆ?
– ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಅಲ್ಲ, ಅವೆರಡೂ ಬೇರೆ ಬೇರೆ ತಳಿಗಳು. ಕೇರಳದವರು ಬರಿಯ ‘ಪೂವನ್’ ಎಂದಾಗ ಅದು ನಮ್ಮ ರಸಬಾಳೆಯ ಜಾತಿಯ ಹಣ್ಣು. ‘ಮೈಸೂರು ಪೂವನ್’ ಅಥವಾ ‘ಪಾಳಯಂಕೋಡನ್’ ಎಂದಾಗ ಮಾತ್ರ ಅದು ಹುಳಿ ಬೆರೆತ ಸಿಹಿಯ ಇನ್ನೊಂದು ಹಣ್ಣು. ತಮಿಳುನಾಡಿಗೆ ಹೋದರೆ ಈ ಲೆಕ್ಕ ಅಡಿಮೇಲಾಗುತ್ತದೆ. ಅಲ್ಲಿ ಹುಳಿಸಿಹಿಯ ಹಣ್ಣೇ ‘ಪೂವನ್’, ರಸಬಾಳೆಯ ಜಾತಿಯದು ‘ರಸ್ತಾಳಿ’. ಆ ಹುಳಿಸಿಹಿ ಹಣ್ಣನ್ನು ಆಂಧ್ರದಲ್ಲಿ ಕರ್ಪೂರ ಚಕ್ಕರಕೇಳಿ ಎಂದೂ ಬಂಗಾಳದಲ್ಲಿ ಚಂಪಾ ಎಂದೂ ಕರೆಯುತ್ತಾರೆ. ತೋಟಗಾರಿಕೆಯ ಗ್ರಂಥಗಳಲ್ಲಿ ಆ ಗುಂಪಿನ ಹೆಸರೇ ‘ಮೈಸೂರು’. ಹೀಗೆ ನಮ್ಮೂರಿನ ಹೆಸರು ಪ್ರಪಂಚದ ಬಾಳೆ ಪಟ್ಟಿಯಲ್ಲಿ ಸೇರಿರುವುದು ನಾವು ಹೆಮ್ಮೆಪಡುವ ರಸಬಾಳೆಯಿಂದಲ್ಲ, ಅಷ್ಟಾಗಿ ಯಾರೂ ಕೊಂಡಾಡದ ಮತ್ತೊಂದು ಹಣ್ಣಿನಿಂದ.

ರಸಬಾಳೆ ಎಂದು ಕೊಟ್ಟ ಹಣ್ಣು ಹುಳಿಯಾಗಿದ್ದರೆ ಅದು ಈ ಹುಳಿಸಿಹಿಯ ತಳಿಯದೇ ಇರಬಹುದು. ಅಂಗಡಿಯಲ್ಲಿ ಗುರುತಿಸುವುದು ಕಷ್ಟವಲ್ಲ. ಚೆನ್ನಾಗಿ ಕಳಿತ ರಸಬಾಳೆಯ ಸಿಪ್ಪೆ ಬಹಳ ತೆಳ್ಳಗಿರುತ್ತದೆ, ಹೊಂಬಣ್ಣದ ಮೇಲೆ ಕಂದು ಚುಕ್ಕೆಗಳು ಮೂಡಿರುತ್ತವೆ, ತಿರುಳು ಬೆಳ್ಳಗೆ ಮೆತ್ತಗಿದ್ದು ಪರಿಮಳ ದೂರದಿಂದಲೇ ತಿಳಿಯುತ್ತದೆ. ಚಿಪ್ಪನ್ನು ಎತ್ತಿ ಹಿಡಿದರೆ ಪೂರ್ತಿ ಹಣ್ಣಾದವು ತೊಟ್ಟು ಕಳಚಿ ಒಂದೊಂದಾಗಿ ಉದುರುತ್ತವೆ. ಇದು ವ್ಯಾಪಾರಿಗೆ ದೊಡ್ಡ ತಲೆನೋವು, ಕೊಳ್ಳುವವರಿಗೆ ಒಳ್ಳೆಯ ಗುರುತು. ಹುಳಿಸಿಹಿಯ ತಳಿಯ ಗೊನೆಯಲ್ಲಿ ಕಾಯಿಗಳು ಒತ್ತೊತ್ತಾಗಿ ಕೂತಿರುತ್ತವೆ. ಹಣ್ಣಾದ ಮೇಲೂ ಬೇಗ ಉದುರದೆ ದೂರದ ಊರಿಗೆ ಸಾಗಿಸಲು ತಾಳುತ್ತದೆ. ರಸಬಾಳೆಯ ತಿರುಳಿನಲ್ಲಿ ಅಲ್ಲಲ್ಲಿ ಹಣ್ಣಾಗದ ಗಟ್ಟಿ ಗಂಟು ಸಿಗುವುದೂ ಉಂಟು. ಅದು ಈ ಜಾತಿಗೆ ಇರುವ ದೋಷವೇ ಹೊರತು ಮೋಸವಲ್ಲ.

ಪ್ರಶ್ನೆ: ನಮ್ಮ ತಾತನ ಕಾಲದಲ್ಲಿ ನಂಜನಗೂಡು ರಸಬಾಳೆಯ ತೋಟವಿತ್ತಂತೆ. ಅದೇ ಜಮೀನಿನಲ್ಲಿ ಮತ್ತೆ ಹಾಕಬೇಕೆಂದಿದ್ದೇನೆ. ಅಂಗಾಂಶ ಕೃಷಿಯ ಸಸಿ ತಂದರೆ ಸೊರಗು ರೋಗ ಬರುವುದಿಲ್ಲ ಎನ್ನುತ್ತಾರೆ, ನಿಜವೇ?
– ರೈತರೊಬ್ಬರು, ನಂಜನಗೂಡು ತಾಲ್ಲೂಕು

ಉತ್ತರ: ಆ ಮಾತು ಅರ್ಧ ಮಾತ್ರ ನಿಜ. ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಯಲ್ಲಿ ರೋಗ ಇರುವುದಿಲ್ಲ, ಆದರೆ ಅದಕ್ಕೆ ರೋಗವನ್ನು ತಡೆಯುವ ಶಕ್ತಿ ಹೊಸದಾಗಿ ಬಂದಿರುವುದೂ ಇಲ್ಲ. ರಸಬಾಳೆಯನ್ನು ಈ ಸೀಮೆಯಿಂದ ಹೆಚ್ಚುಕಡಿಮೆ ಅಳಿಸಿಹಾಕಿದ ಪನಾಮಾ ಸೊರಗು ರೋಗಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿದ್ದು ಬೇರಿನ ಮೂಲಕ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಮುಚ್ಚಿಬಿಡುತ್ತದೆ. ಬಾಳೆಯೇ ಇಲ್ಲದ ಹೊಲದಲ್ಲೂ ಅದರ ಗಟ್ಟಿ ಕವಚದ ಬೀಜಕಣಗಳು ದಶಕಗಳ ಕಾಲ ಜೀವ ಹಿಡಿದಿರಬಲ್ಲವು. ಆದ್ದರಿಂದ ತಾತನ ಕಾಲದಲ್ಲಿ ತೋಟ ಸೊರಗಿ ಹೋಗಿದ್ದರೆ, ಅದೇ ಮಣ್ಣಿಗೆ ಎಷ್ಟು ಶುದ್ಧವಾದ ಸಸಿ ತಂದು ನೆಟ್ಟರೂ ಅಪಾಯ ತಪ್ಪಿದ್ದಲ್ಲ.

ರೋಗದ ಲಕ್ಷಣಗಳನ್ನು ಸರಿಯಾಗಿ ತಿಳಿದುಕೊಳ್ಳಿ. ಮೊದಲು ಹೊರಗಿನ ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ. ಬಳಿಕ ದೇಟು ಮುರಿದು ಕಾಂಡದ ಸುತ್ತ ಜೋತುಬೀಳುತ್ತವೆ. ಸುಳಿ ಮಾತ್ರ ಸ್ವಲ್ಪ ಕಾಲ ಹಸಿರಾಗಿಯೇ ನಿಂತಿರುತ್ತದೆ. ಎಷ್ಟೋ ಬಾರಿ ಕಾಂಡ ಬುಡದಲ್ಲಿ ಉದ್ದಕ್ಕೆ ಸೀಳುತ್ತದೆ. ಸಂಶಯವಿದ್ದರೆ ಗಿಡವನ್ನು ಅಗೆದು ಗಡ್ಡೆಯನ್ನು ಅಡ್ಡಲಾಗಿ ಕೊಯ್ದು ನೋಡಬೇಕು. ಬಿಳಿ ಇರಬೇಕಾದ ಜಾಗದಲ್ಲಿ ಕೆಂಪು ಮಿಶ್ರಿತ ಕಂದು ಚುಕ್ಕೆಗಳು ಉಂಗುರದಂತೆ ಕಂಡರೆ ಅದು ಸೊರಗು ರೋಗವೇ. ಅಂಥ ಗಿಡಕ್ಕೆ ಔಷಧ ಸುರಿದು ಉಳಿಸಿಕೊಂಡವರಿಲ್ಲ. ಗಡ್ಡೆ ಸಮೇತ ಅಲ್ಲಿಯೇ ನಾಶಮಾಡಬೇಕು, ಅದರ ಬುಡದಿಂದ ಒಡೆಯುವ ಮರಿಗಿಡವನ್ನು, ಅಂದರೆ ಕಂದನ್ನು, ಎಷ್ಟು ಚೆನ್ನಾಗಿ ಕಂಡರೂ ನೆಡಬಾರದು, ನೆರೆಯವರಿಗೂ ಕೊಡಬಾರದು. ಆ ಜಾಗದಿಂದ ಹರಿದ ನೀರು, ಗುದ್ದಲಿ, ಟ್ರ್ಯಾಕ್ಟರಿನ ಗಾಲಿಗೆ ಅಂಟಿದ ಮಣ್ಣು, ಎಲ್ಲವೂ ರೋಗವನ್ನು ಹೊತ್ತೊಯ್ಯುತ್ತವೆ.

ಹಾಗೆಂದು ಆಸೆ ಬಿಡಿ ಎಂದು ನಾವು ಹೇಳುವುದಿಲ್ಲ. ನಂಜನಗೂಡು ರಸಬಾಳೆಗೆ 2005-06ರಲ್ಲಿಯೇ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಕೊಳ್ಳುವವರು ಹುಡುಕಿಕೊಂಡು ಬರುವ ಹಣ್ಣು ಅದು. ಹಿಂದೆ ಬಾಳೆ ಬೆಳೆಯದ, ನೀರು ನಿಲ್ಲದ ಸಣ್ಣ ತುಂಡು ಜಮೀನನ್ನು ಆರಿಸಿಕೊಂಡು ಮೊದಲು ಅಲ್ಲಿ ನೋಡಿ. ಕೊಟ್ಟಿಗೆ ಗೊಬ್ಬರದ ಜೊತೆ ಟ್ರೈಕೋಡರ್ಮಾದಂಥ ಉಪಕಾರಿ ಶಿಲೀಂಧ್ರವನ್ನು ಬೆರೆಸಿ ಹಾಕುವುದು ರೋಗದ ಬಲವನ್ನು ತಗ್ಗಿಸುತ್ತದೆ, ಆದರೆ ಅದನ್ನೇ ನಂಬಿ ಸೋಂಕಿನ ಮಣ್ಣಿಗೆ ಇಳಿಯಬಾರದು. ಅದೇ ಬುಡದ ಕಂದಿನಿಂದ ಬರುವ ಕೂಳೆ ಬೆಳೆಗೆ ಆಸೆಪಡದೆ ಒಂದು ಫಸಲಿಗೇ ಮುಗಿಸಿ. ಸಸಿ ಮತ್ತು ಮಣ್ಣಿನ ಬಗ್ಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ನಿಮಗೆ ಹತ್ತಿರದ ದಾರಿ. ‘ರಸಬಾಳೆ ಕಂದು’ ಎಂದು ಸಂತೆಯಲ್ಲಿ ಸಿಗುವುದನ್ನು, ಅದು ಬಂದ ತೋಟವನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ.

ಪ್ರಶ್ನೆ: ಪಚ್ಚಬಾಳೆ ಹಣ್ಣಾದರೂ ಮನೆಯಲ್ಲಿ ಹಸಿರಾಗಿಯೇ ಇರುತ್ತದೆ. ಅಂಗಡಿಯಲ್ಲಿ ಅದೇ ಹಣ್ಣು ಅಚ್ಚ ಹಳದಿ. ಔಷಧ ಹಾಕಿ ಬಣ್ಣ ಬರಿಸುತ್ತಾರೆಯೇ?
– ಗೃಹಿಣಿಯೊಬ್ಬರು, ಮಂಡ್ಯ

ಉತ್ತರ: ಬಣ್ಣ ನೋಡಿ ಮಾತ್ರ ಹಾಗೆ ಹೇಳಲಾಗದು. ಪಚ್ಚಬಾಳೆ ಎಂದು ನಾವು ಕರೆಯುವ ಕ್ಯಾವೆಂಡಿಷ್ ಗುಂಪಿನ ತಳಿಗಳಲ್ಲಿ (ಕುಳ್ಳಗಿನ ಬಸ್ರಾಯಿ, ರೋಬಸ್ಟಾ, ಈಗ ಎಲ್ಲೆಡೆ ಇರುವ ಜಿ-9) ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಸೆಕೆಯಲ್ಲಿ ಹಣ್ಣಾದಾಗ ತಿರುಳು ಸಿಹಿಯಾದರೂ ಸಿಪ್ಪೆಯ ಹಸಿರು ಪೂರ್ತಿ ಕರಗುವುದಿಲ್ಲ. ರಸಬಾಳೆಗೂ ಏಲಕ್ಕಿ ಬಾಳೆಗೂ ಈ ತೊಂದರೆಯಿಲ್ಲ, ಅವು ನಮ್ಮ ಬೇಸಿಗೆಯಲ್ಲೂ ಹಳದಿಯಾಗುತ್ತವೆ. ಅಂಗಡಿಯ ಪಚ್ಚಬಾಳೆ ಬಹುಮಟ್ಟಿಗೆ ತಂಪು ಕೋಣೆಯಲ್ಲಿ, 16–18 ಡಿಗ್ರಿಯಲ್ಲಿ, ಎಥಿಲೀನ್ ಅನಿಲ ಬಿಟ್ಟು ಮಾಗಿಸಿದ್ದು. ಎಥಿಲೀನ್ ಎಂಬುದು ಹಣ್ಣು ತಾನೇ ಮಾಗುವಾಗ ಬಿಡುವ ಅನಿಲ. ಹತ್ತು ಲಕ್ಷಕ್ಕೆ 100 ಭಾಗದವರೆಗೆ ಅದನ್ನು ಬಳಸಲು ಆಹಾರ ಸುರಕ್ಷತಾ ನಿಯಮಗಳಲ್ಲಿ ಅವಕಾಶವಿದೆ. ಹಿಂದೆ ಮಂಡಿಗಳಲ್ಲಿ ಗೊನೆ ಪೇರಿಸಿ ಹೊಗೆ ಹಾಕುತ್ತಿದ್ದಾಗ ಕೆಲಸ ಮಾಡುತ್ತಿದ್ದುದೂ ಹೊಗೆಯಲ್ಲಿರುವ ಇದೇ ಎಥಿಲೀನ್.

ನಿಷೇಧವಿರುವುದು ಕ್ಯಾಲ್ಸಿಯಂ ಕಾರ್ಬೈಡಿಗೆ. ಅದರಲ್ಲಿ ಆರ್ಸೆನಿಕ್, ರಂಜಕಗಳ ಕಲಬೆರಕೆ ಇರಬಹುದಾದ್ದರಿಂದ ಅದು ತಿನ್ನುವವರಿಗೂ ಹಾಕುವವರಿಗೂ ಕೇಡು. ಸಿಪ್ಪೆ ಒಂದೇ ಸಮ ಹಳದಿಯಾಗಿದ್ದು ಒಳಗೆ ತಿರುಳು ಗಟ್ಟಿಯಾಗಿ, ಸಿಹಿಯೂ ಪರಿಮಳವೂ ಇಲ್ಲದಿದ್ದರೆ ಅನುಮಾನಪಡಬಹುದು.

ಪ್ರಶ್ನೆ: ಪಲ್ಯಕ್ಕೆ, ಬಜ್ಜಿಗೆ, ಚಿಪ್ಸಿಗೆ ಯಾವ ಬಾಳೆಕಾಯಿ ಒಳ್ಳೆಯದು? ಊಟದ ಎಲೆಗೆ ಯಾವುದು?
– ಅಡುಗೆ ಕಂಟ್ರಾಕ್ಟರ್ ಒಬ್ಬರು, ಮೈಸೂರು

ಉತ್ತರ: ಪಲ್ಯ, ಬಜ್ಜಿಗೆ ಮೊಂತನ್ ಜಾತಿಯ ಬೂದಿಬಾಳೆ. ಕಾಯಿಯ ಮೇಲೆ ಬೂದಿ ಬಳಿದಂತೆ ಪುಡಿಯಿದ್ದು ಏಣುಗಳು ಎದ್ದು ಕಾಣುತ್ತವೆ. ಸಿಪ್ಪೆ ದಪ್ಪ, ಪಿಷ್ಟ ಹೆಚ್ಚು, ಬೆಂದರೂ ಹೋಳು ಕರಗುವುದಿಲ್ಲ. ಚಿಪ್ಸಿಗೆ ನೇಂದ್ರ ಬಾಳೆಯೇ ಸರಿ. ಉದ್ದನೆಯ ದಪ್ಪ ಕಾಯಿ, ಹಳದಿ ತಿರುಳು, ನೀರಿನಂಶ ಕಡಿಮೆಯಾದ್ದರಿಂದ ಗರಿಗರಿಯಾಗಿ ಕರಿಯುತ್ತದೆ. ಕೇರಳದ ಪೇಟೆಯನ್ನು ನೆಚ್ಚಿಕೊಂಡು ಗುಂಡ್ಲುಪೇಟೆ, ಎಚ್.ಡಿ. ಕೋಟೆ ಕಡೆಯ ರೈತರು ಇದನ್ನು ಬೆಳೆಯುತ್ತಾರೆ, ಹಾಗಾಗಿ ನಿಮಗೆ ದೂರದಿಂದ ತರಿಸುವ ಅಗತ್ಯವಿಲ್ಲ. ಎಲೆಗೆಂದೇ ಬೆಳೆಯುವವರು ತಮಿಳುನಾಡಿನಲ್ಲಿ ಹೆಚ್ಚಾಗಿ ನೆಡುವುದು ಮೇಲೆ ಹೇಳಿದ ಹುಳಿಸಿಹಿಯ ಪೂವನ್ ಮತ್ತು ಮೊಂತನ್.

ಪ್ರಶ್ನೆ: ತಳಿಗಳ ಬಗ್ಗೆ ಓದುವಾಗ ಎಎಬಿ, ಎಬಿಬಿ ಎಂಬ ಅಕ್ಷರಗಳು ಬರುತ್ತವೆ. ಇವುಗಳ ಅರ್ಥವೇನು? ತೋಟದಲ್ಲಿಯೇ ಗುರುತಿಸಬಹುದೇ?
– ಪದವಿ ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ನಾವು ತಿನ್ನುವ ಬಾಳೆಗಳಿಗೆ ಎರಡು ಕಾಡು ಮೂಲಗಳಿವೆ: ಮೂಸಾ ಅಕ್ಯುಮಿನೇಟಾ ಮತ್ತು ಮೂಸಾ ಬಾಲ್ಬಿಸಿಯಾನ. ಮೊದಲನೆಯದರ ವರ್ಣತಂತು ಕಂತೆಗೆ ‘ಎ’, ಎರಡನೆಯದಕ್ಕೆ ‘ಬಿ’ ಎಂದು ಗುರುತಿಟ್ಟು ತಳಿಗಳನ್ನು ವಿಂಗಡಿಸಿದವರು ಸಿಮಂಡ್ಸ್ ಮತ್ತು ಶೆಪರ್ಡ್ ಎಂಬ ವಿಜ್ಞಾನಿಗಳು. ಒಂದು ಕಂತೆಗೆ ಒಂದು ಅಕ್ಷರ; ಎಎಬಿ ಎಂದರೆ ಎ ಕಂತೆ ಎರಡು, ಬಿ ಕಂತೆ ಒಂದು. 1955ರಲ್ಲಿ ಪ್ರಕಟವಾದ ಅವರ ಪದ್ಧತಿಯಲ್ಲಿ ಗಿಡದ 15 ಲಕ್ಷಣಗಳಿಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಪಚ್ಚಬಾಳೆ, ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆ ಇವೆರಡೂ ಎಎಎ; ರಸಬಾಳೆ, ನೇಂದ್ರ, ಪೂವನ್ ಎಎಬಿ; ಬೂದಿಬಾಳೆ, ಕರ್ಪೂರವಳ್ಳಿ ಎಬಿಬಿ; ನಮ್ಮ ಏಲಕ್ಕಿ ಬಾಳೆ ಎಬಿ. ಅಸ್ಸಾಮಿನ ಭೀಮ್‌ಕೋಲ್ ಎಂಬ ಬೀಜದ ಬಾಳೆ ಪೂರ್ತಿ ಬಿ ಕಡೆಯದು. ಅದರ ಹಣ್ಣಿನ ತುಂಬ ಕರಿ ಬೀಜಗಳಿದ್ದರೂ ಅಲ್ಲಿ ಎಳೆಯ ಮಕ್ಕಳಿಗೆ ಅದನ್ನೇ ಉಣಿಸುವ ರೂಢಿಯಿದೆ.

ತೋಟದಲ್ಲಿ ನೋಡಲು ಸುಲಭವಾದದ್ದು ಎಲೆಯ ದೇಟು. ಅದನ್ನು ಚೂರಿಯಿಂದ ಅಡ್ಡಲಾಗಿ ಕತ್ತರಿಸಿ ಮೇಲ್ಭಾಗದ ಕಾಲುವೆಯನ್ನು ಗಮನಿಸಿ. ಪಚ್ಚಬಾಳೆಯಲ್ಲಿ ಅದರ ಅಂಚುಗಳು ಹೊರಕ್ಕೆ ಚಾಚಿ ಬಾಯಿ ತೆರೆದಿರುತ್ತದೆ. ಬೂದಿಬಾಳೆಯಲ್ಲಿ ಅಂಚುಗಳು ಒಳಕ್ಕೆ ಬಾಗಿ ಒಂದಕ್ಕೊಂದು ಕೂಡಿಕೊಳ್ಳುವಂತಿರುತ್ತವೆ. ಕಾಂಡದ ಮೇಲೆ ಕಪ್ಪು ಕಂದು ಮಚ್ಚೆಗಳು ದಟ್ಟವಾಗಿದ್ದರೆ ಎ ಅಂಶ ಹೆಚ್ಚು, ಮಚ್ಚೆ ವಿರಳವಾಗಿದ್ದರೆ ಬಿ ಅಂಶ ಹೆಚ್ಚು. ಬಾಳೆಹೂವಿನ ಕೆನ್ನೇರಳೆ ಹೊದಿಕೆ ಬಿಚ್ಚಿಕೊಂಡ ಮೇಲೆ ಹಿಂದಕ್ಕೆ ಸುರುಳಿ ಸುತ್ತಿಕೊಳ್ಳುವುದು ಎ ಕಡೆಯ ಗುಣ, ಸುತ್ತದೆ ಮೇಲೆದ್ದು ಬೀಳುವುದು ಬಿ ಕಡೆಯದು. ಇವು ಬರಿಯ ಓದಿನ ವಿಷಯಗಳಲ್ಲ. ಸಾಮಾನ್ಯವಾಗಿ ಬಿ ಅಂಶ ಹೆಚ್ಚಿದಂತೆ ಗಿಡ ನೀರಿನ ಕೊರತೆಯನ್ನು ಹೆಚ್ಚು ತಾಳುತ್ತದೆ; ಕರ್ಪೂರವಳ್ಳಿ ಬಡ ಮಣ್ಣಿನಲ್ಲೂ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ನಾಲೆ ನೀರಿನ ಎರಡು ಎಕರೆಯಿದೆ. ಏಲಕ್ಕಿ ಹಾಕಲೇ, ಜಿ-9 ಹಾಕಲೇ? ಪಕ್ಕದ ಹೊಲದಲ್ಲಿ ಏಲಕ್ಕಿ ಸೊರಗಿದೆ.
– ರೈತರೊಬ್ಬರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿಯೇ ಉತ್ತರದ ಮುಕ್ಕಾಲು ಪಾಲು ಇದೆ. ಏಲಕ್ಕಿಯ ಕೆ.ಜಿ. ಬೆಲೆ ಪಚ್ಚಬಾಳೆಗಿಂತ ಸಾಮಾನ್ಯವಾಗಿ ಹೆಚ್ಚು. ಹಣ್ಣು ಚಿಕ್ಕದು, ಸಿಪ್ಪೆ ತೆಳುವು, ತಿರುಳು ಗಟ್ಟಿ ಸಿಹಿ, ಹಬ್ಬ ಮದುವೆಗಳಿಗೆ ಬೇಡಿಕೆ ತಪ್ಪುವುದಿಲ್ಲ. ಆದರೆ ಗೊನೆ ಬಹುತೇಕ 10–15 ಕೆ.ಜಿ.ಯಷ್ಟೇ, ಫಸಲಿಗೆ 13 ತಿಂಗಳ ಆಸುಪಾಸು ಬೇಕು, ಸೊರಗು ರೋಗಕ್ಕೆ ಇದೂ ರಸಬಾಳೆಯಂತೆಯೇ ತುತ್ತಾಗುತ್ತದೆ. ಜಿ-9 ಒಳ್ಳೆಯ ಆರೈಕೆಯಲ್ಲಿ 25–30 ಕೆ.ಜಿ. ಗೊನೆ ಕೊಡುತ್ತದೆ, 11–12 ತಿಂಗಳಿಗೆ ಕೊಯ್ಲಿಗೆ ಬರುತ್ತದೆ, ಏಲಕ್ಕಿಯನ್ನು ಕೊಲ್ಲುವ ಸೊರಗು ರೋಗದ ಬಗೆಗಳು ಅದನ್ನು ಬಾಧಿಸುವುದಿಲ್ಲ. ಕ್ಯಾವೆಂಡಿಷ್ ಗುಂಪನ್ನೂ ಕೊಲ್ಲುವ ಟಿಆರ್-4 ಎಂಬ ಬಗೆ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿರುವುದರಿಂದ ಆ ಕಡೆಯ ಸಸಿ, ಕಂದುಗಳನ್ನು ತರಿಸಬೇಡಿ. ಜಿ-9ಕ್ಕೆ ನೀರು, ಗೊಬ್ಬರ, ಅದರಲ್ಲೂ ಪೊಟ್ಯಾಷ್ ಧಾರಾಳವಾಗಿ ಬೇಕು. ಗೊನೆಯ ಭಾರಕ್ಕೆ ಊರುಗೋಲು ಕೊಡದಿದ್ದರೆ ಗಾಳಿಗೆ ಒರಗುತ್ತದೆ. ಬೆಲೆ ಕುಸಿದಾಗ ಕೊಯ್ಲನ್ನು ಹೆಚ್ಚು ದಿನ ಮುಂದೂಡಲೂ ಆಗುವುದಿಲ್ಲ.

ಆದ್ದರಿಂದ ಪಕ್ಕದ ಹೊಲದ ಬಸಿನೀರು ನಿಮ್ಮ ಕಡೆಗೆ ಹರಿಯುವಂತಿದ್ದರೆ ಈ ಬಾರಿ ಏಲಕ್ಕಿ ಬೇಡವೆಂದೇ ನಮ್ಮ ಸಲಹೆ, ಜಿ-9 ಹಾಕಿ. 6 ಅಡಿಗೆ 6 ಅಡಿ ಅಂತರದಲ್ಲಿ ಎಕರೆಗೆ 1,210 ಗಿಡ ಹಿಡಿಯುತ್ತವೆ. ಏಲಕ್ಕಿಯೇ ಬೇಕೆಂದರೆ ಮೊದಲು ಆ ಗದ್ದೆಯಲ್ಲಿ ನೀರು ನಿಲ್ಲಿಸಿ ಭತ್ತ ಬೆಳೆಯಿರಿ. ಕೆಸರು ಗದ್ದೆಯಲ್ಲಿ ಗಾಳಿಯಾಡದ ಕಾರಣ ಸೊರಗು ಶಿಲೀಂಧ್ರದ ಸಂಖ್ಯೆ ಇಳಿಯುತ್ತದೆ, ಇದು ನಾಲೆ ಬಯಲಿನವರಿಗೆ ಮಾತ್ರ ಇರುವ ಅನುಕೂಲ. ಭತ್ತದ ನಂತರ ಬಾಳೆಗೆ ಬಸಿಗಾಲುವೆ ತೋಡುವುದನ್ನು ಮರೆಯಬೇಡಿ. ಕಂದು ನೆಡುವುದಾದರೆ ಕಿರಿದಾದ ಎಲೆಯ, ಬುಡ ದಪ್ಪಗಿರುವ ಕತ್ತಿಕಂದನ್ನೇ ಆರಿಸಿ. ಅಗಲ ಎಲೆಯ ನೀರುಕಂದಿಗೆ ತಾಯಿಗಡ್ಡೆಯ ಜೊತೆ ಬಲವಾದ ಬೆಸುಗೆ ಇರುವುದಿಲ್ಲ, ಗೊನೆಯೂ ಬಡವಾಗುತ್ತದೆ.

ಪ್ರಶ್ನೆ: ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿ ಇಡಬಹುದೇ?
– ಓದುಗರೊಬ್ಬರು, ಮದ್ದೂರು

ಉತ್ತರ: ಪೂರ್ತಿ ಹಣ್ಣಾದದ್ದನ್ನು ಒಂದೆರಡು ದಿನ ಇಡಬಹುದು. ಸುಮಾರು 13 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಸಿಪ್ಪೆ ಕಪ್ಪಾಗುತ್ತದೆ, ತಿರುಳು ಕೆಟ್ಟಿರುವುದಿಲ್ಲ. ಕಾಯಿಯಾಗಿರುವಾಗಲೇ ಇಟ್ಟರೆ ಹೊರಗೆ ತೆಗೆದ ಮೇಲೂ ಅದು ಸರಿಯಾಗಿ ಹಣ್ಣಾಗುವುದಿಲ್ಲ.