ಸುಮ್ಮನಿದ್ದಾಗಲೆಲ್ಲ ಸೀರಿಯಲ್ ಡಿವೈಸ್ ಸರ್ವರ್ ಸಂಪರ್ಕ ಕಡಿದುಹೋಗುವುದೇಕೆ?

ತೂಕದ ಯಂತ್ರವನ್ನು ಡಿವೈಸ್ ಸರ್ವರ್ (ಸೀರಿಯಲ್ ಪೋರ್ಟ್‌ನ ಸಾಧನವನ್ನು ನೆಟ್‌ವರ್ಕ್‌ಗೆ ಸೇರಿಸುವ ಪೆಟ್ಟಿಗೆ) ಮೂಲಕ ನೆಟ್‌ವರ್ಕ್‌ಗೆ ಜೋಡಿಸಿದ್ದೀರಿ. ಕೆಲಸ ನಡೆಯುವಾಗ ಎಲ್ಲ ಸರಿ, ಗಂಟೆ ಬಿಟ್ಟು ನೋಡಿದರೆ ತೂಕ ಬರುವುದಿಲ್ಲ ಅಂದಿದ್ದೀರಿ. ಹಾಗಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ ಬೇಡ. ಅದು ಕೆಟ್ಟಿದ್ದರೆ ಕೆಲಸದ ನಡುವೆಯೂ ಕೈಕೊಡುತ್ತಿತ್ತು.

ನಡುವಿನ ಫೈರ್‌ವಾಲ್ ಅಥವಾ ರೂಟರ್, ಬಹಳ ಹೊತ್ತು ಡೇಟಾ ಹರಿಯದ ಟಿಸಿಪಿ ಸಂಪರ್ಕವನ್ನು ಸದ್ದಿಲ್ಲದೆ ಮರೆತುಬಿಡುತ್ತದೆ. ಎರಡೂ ತುದಿಗಳು ಮಾತ್ರ ಸಂಪರ್ಕ ಇದೆ ಎಂದೇ ನಂಬಿಕೊಂಡಿರುತ್ತವೆ. ಕೀಪ್‌ಅಲೈವ್, ಅಂದರೆ ಸಂಪರ್ಕ ಸುಮ್ಮನಿದ್ದಾಗಲೂ ಆಗಾಗ ಕಳಿಸುವ ಪುಟ್ಟ ಪರೀಕ್ಷಾ ಸಂದೇಶ, ಇರುವುದೇ ಇದಕ್ಕೆ. ಆದರೆ ವಿಂಡೋಸ್, ಲಿನಕ್ಸ್ ಎರಡರಲ್ಲೂ ಅದರ ಮೂಲ ಅವಧಿ 7200 ಸೆಕೆಂಡು, ಅಂದರೆ 2 ಗಂಟೆ. ಅದೂ ಪ್ರೋಗ್ರಾಂ ಕೇಳಿಕೊಂಡಿದ್ದರೆ ಮಾತ್ರ. ಹಾಗಾಗಿ ಡಿವೈಸ್ ಸರ್ವರ್‌ನ ಸೆಟ್ಟಿಂಗ್ಸ್ ಪುಟದಲ್ಲೇ ಕೀಪ್‌ಅಲೈವ್ ಆನ್ ಮಾಡಿ, 60 ಸೆಕೆಂಡು ಇಡಿ. ಐಡಲ್ ಟೈಮ್‌ಔಟ್ (ಸುಮ್ಮನಿರುವ ಸಂಪರ್ಕವನ್ನು ಮುಚ್ಚುವ ಅವಧಿ) ಅಂತ ಬೇರೆ ಇದ್ದರೆ ಅದನ್ನೂ ನೋಡಿ.

ಮತ್ತೆ ಜೋಡಿಸಲು ಹೋದಾಗ ಪೋರ್ಟ್ ಬಳಕೆಯಲ್ಲಿದೆ ಅಂತ ಬರುತ್ತದೆಯೇ? ಅನೇಕ ಡಿವೈಸ್ ಸರ್ವರ್‌ಗಳು ಒಂದು ಪೋರ್ಟ್‌ಗೆ ಒಂದೇ ಸಂಪರ್ಕ ಒಪ್ಪುತ್ತವೆ. ಕಂಪ್ಯೂಟರ್ ಸ್ಲೀಪ್‌ಗೆ ಹೋದಾಗ ಹಳೆಯ ಸಂಪರ್ಕ ಅಲ್ಲೇ ಸಿಕ್ಕಿಕೊಂಡು ಹೊಸದಕ್ಕೆ ಜಾಗ ಬಿಡುವುದಿಲ್ಲ. ಕೀಪ್‌ಅಲೈವ್ ಅದನ್ನೂ ತೆರವು ಮಾಡುತ್ತದೆ. ಸ್ಲೀಪ್ ಹೇಗೂ ಆಫ್ ಮಾಡಿ.

ಇಷ್ಟಾದರೂ ಹೊತ್ತುಗೊತ್ತಿಲ್ಲದೆ ಕಡಿಯುತ್ತಿದ್ದರೆ, ಡಿವೈಸ್ ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಅದರ ಐಪಿ ವಿಳಾಸಕ್ಕೆ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಆಜ್ಞೆ) ಮಾಡಿ. ಆಗಲೂ ಆ ಐಪಿಯಿಂದಲೇ ಉತ್ತರ ಬಂದರೆ, ಅದೇ ವಿಳಾಸ ಇನ್ನೊಂದು ಸಾಧನದಲ್ಲೂ ಇದೆ. ಹುಡುಕಲು ದಿನಗಟ್ಟಲೆ ತಿನ್ನುವ ದೋಷವಿದು, ಪರೀಕ್ಷೆಗೆ ಮಾತ್ರ ಅರ್ಧ ನಿಮಿಷ ಸಾಕು. ಡಿಎಚ್‌ಸಿಪಿ (ಸಾಧನಗಳಿಗೆ ತಾನಾಗಿ ಐಪಿ ಕೊಡುವ ವ್ಯವಸ್ಥೆ) ಹಂಚುವ ವ್ಯಾಪ್ತಿಯ ಹೊರಗಿನ, ಬೇರೆ ಯಾರೂ ಬಳಸದ ಐಪಿ ಕೊಡಿ.