12 ಸ್ಪಿನ್ನುಗಳನ್ನು ಶಾಖದ ಪರಿಸರಕ್ಕೆ ಜೋಡಿಸಿದರೆ 8 ಜಿಬಿ ಲ್ಯಾಪ್‌ಟಾಪ್ ನಿಂತೇಹೋಗುತ್ತದೆ, ಏನು ಮಾಡಲಿ?

ಕಾರವಾರದಲ್ಲಿ ಎಂಎಸ್ಸಿ ಪ್ರಾಜೆಕ್ಟು, ಕ್ಯೂಟಿಪ್‌ನಲ್ಲಿ (QuTiP, ಕ್ವಾಂಟಮ್ ಲೆಕ್ಕಗಳ ಪೈಥಾನ್ ಸಾಫ್ಟ್‌ವೇರ್) ಎಂಇಸಾಲ್ವ್ (mesolve) ಎಂಬ ಆದೇಶ ಓಡಿಸಿದ ಕೂಡಲೇ ಮೆಮೊರಿ ಭರ್ತಿ ಎಂದಿದ್ದೀರಿ. ನಾನು ಶಿರಸಿಯವನು, ಇದೇ ಗುಂಡಿಗೆ ಬಿದ್ದು ಎದ್ದವನು.

ಒಂದೊಂದು ಸ್ಪಿನ್ನಿಗೆ ಮೇಲೆ, ಕೆಳಗೆ ಎಂದು ಎರಡು ಮಟ್ಟ. ಹಾಗಾಗಿ 12 ಸ್ಪಿನ್ನಿನ ತರಂಗ ಫಲನಕ್ಕೆ, ಅಂದರೆ ಅವುಗಳ ಕ್ವಾಂಟಮ್ ಸ್ಥಿತಿಯ ವಿವರಕ್ಕೆ, 2ರ ಘಾತ 12, ಅಂದರೆ 4096 ಸಂಖ್ಯೆ ಸಾಕು. ಪರಿಸರ ಬಂದೊಡನೆ ಅದು ತರುವ ಅನಿಶ್ಚಿತತೆಯನ್ನೂ ಹಿಡಿದಿಡುವ ಕೋಷ್ಟಕ, ಡೆನ್ಸಿಟಿ ಮ್ಯಾಟ್ರಿಕ್ಸ್, ಬೇಕು: 4096 × 4096, ಸುಮಾರು 1.68 ಕೋಟಿ ಸಂಖ್ಯೆ, ಒಂದೊಂದಕ್ಕೆ 16 ಬೈಟ್‌ನಂತೆ 268 ಎಂಬಿ. ಇಷ್ಟೇ ಆಗಿದ್ದರೆ ನಡೆಯುತ್ತಿತ್ತು. ಆದರೆ ಆ ಕೋಷ್ಟಕ ಹೊತ್ತಿನೊಡನೆ ಹೇಗೆ ಬದಲಾಗುತ್ತದೆಂದು ಹೇಳುವ ಲಿಂಡ್‌ಬ್ಲಾಡ್ ಸಮೀಕರಣವನ್ನೇ ಎಂಇಸಾಲ್ವ್ ಒಂದು ಮ್ಯಾಟ್ರಿಕ್ಸ್ ಮಾಡಿಟ್ಟುಕೊಳ್ಳುತ್ತದೆ, ಅದರಲ್ಲಿ ಸಾಲುಗಳೇ 1.68 ಕೋಟಿ. ಸೊನ್ನೆಗಳನ್ನೆಲ್ಲ ಬಿಟ್ಟರೂ 8 ಜಿಬಿಗೆ ಅದು ಜಗ್ಗುವುದಿಲ್ಲ.

ಕ್ಯೂಟಿಪ್‌ನದೇ ಇನ್ನೊಂದು ಆದೇಶ ಎಂಸಿಸಾಲ್ವ್ (mcsolve) ಬಳಸಿ. 1992ರಲ್ಲಿ ಡಾಲಿಬಾರ್, ಕಾಸ್ಟಿನ್, ಮೋಲ್ಮರ್ ಪ್ರಕಟಿಸಿದ ದಾರಿ ಇದು: ತರಂಗ ಫಲನವನ್ನಷ್ಟೇ ಮುಂದೆ ನಡೆಸುವುದು, ಅದರ ಅಳತೆ (ನಾರ್ಮ್) ಕರಗುತ್ತ ಒಂದು ಯಾದೃಚ್ಛಿಕ ಸಂಖ್ಯೆಗಿಂತ ಕೆಳಗಿಳಿದಾಗ ಒಂದು ಜಿಗಿತ, ಅಂದರೆ ಪರಿಸರದಿಂದಾಗಿ ಸ್ಥಿತಿಯಲ್ಲಿ ಥಟ್ಟನೆ ಆಗುವ ಬದಲಾವಣೆ, ಹಾಕಿಸುವುದು. ಹೀಗೆ ನೂರಾರು ಓಟ ಓಡಿಸಿ ಸರಾಸರಿ ತೆಗೆಯಬೇಕು. ತಪ್ಪನ್ನು ಅರ್ಧಕ್ಕೆ ಇಳಿಸಲು ಓಟ ನಾಲ್ಕು ಪಟ್ಟು ಬೇಕು, ಆ ಕರಾರು ಗೊತ್ತಿರಲಿ. ಒಂದಕ್ಕೊಂದು ಸಂಬಂಧವಿಲ್ಲದ ಓಟಗಳಾದ್ದರಿಂದ ಹತ್ತತ್ತು ಓಡಿಸಿ ಫೈಲಿಗೆ ಬರೆದಿಡಿ. ನಮ್ಮಲ್ಲಿ ಮಳೆಗಾಲದಲ್ಲಿ ತಂತಿ ಮೇಲೆ ಟೊಂಗೆ ಬಿದ್ದರೆ ರಾತ್ರಿಯಿಡೀ ಕರೆಂಟಿಲ್ಲ, ಆದರೂ ಬರೆದಿಟ್ಟ ಓಟಗಳು ಉಳಿಯುತ್ತವೆ. ನನಗಂತೂ ಈ ವಿಧಾನ ಹಿಡಿಸಿದ್ದೇ ಅದಕ್ಕೆ.

ಮೆಮೊರಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ತಾಪಮಾನ. ಮೊದಲ ಸಲ ಸ್ಪಿನ್ ಮೇಲೇರುವ ದರವನ್ನೂ ಕೆಳಗಿಳಿಯುವ ದರವನ್ನೂ ಒಂದೇ ಇಟ್ಟಿದ್ದೆ. ಕೋಡಿನಲ್ಲಿ ಎಲ್ಲೂ ಎರರ್ ಇಲ್ಲ, ಗ್ರಾಫ್ ಚಂದ ಬಂತು, ಎಲ್ಲ ಸ್ಪಿನ್ನೂ ಅರ್ಧ ಮೇಲೆ, ಅರ್ಧ ಕೆಳಗೆ ಎಂಬಲ್ಲಿಗೆ ಬಂದು ನಿಂತವು. ಅದು ಅನಂತ ತಾಪಮಾನ ಎಂದು ಹೊಳೆಯಲು ವಾರ ಹಿಡಿಯಿತು. ಮೇಲಿನ ದರವನ್ನು ಕೆಳಗಿನ ದರದಿಂದ ಭಾಗಿಸಿದರೆ ಬರಬೇಕಾದದ್ದು ಇ ಘಾತ ಮೈನಸ್ (ಶಕ್ತಿಯ ಅಂತರ ಭಾಗಿಸು ಕೆಟಿ). ಇಲ್ಲಿ ಕೆ ಬೋಲ್ಟ್ಸ್‌ಮನ್ ಸ್ಥಿರಾಂಕ, ಟಿ ತಾಪಮಾನ. 5 ಗಿಗಾಹರ್ಟ್ಸ್ ಅಂತರವಿದ್ದರೆ 20 ಮಿಲಿಕೆಲ್ವಿನ್‌ನಲ್ಲಿ ಇದು ಹತ್ತು ಲಕ್ಷಕ್ಕೆ 6ರಷ್ಟು. ಕೋಣೆಯ ತಾಪದಲ್ಲಿ ಹೆಚ್ಚುಕಡಿಮೆ 1. ಸ್ಪಿನ್ನುಗಳ ನಡುವೆಯೇ ಬಲವಾದ ಜೋಡಣೆ ಇದ್ದರೆ ಇದೂ ಸಾಲದು. ಆಗ ದರಗಳನ್ನು ಒಂಟಿ ಸ್ಪಿನ್ನಿನ ಅಂತರದಿಂದಲ್ಲ, ಸ್ಪಿನ್ನುಗಳೆಲ್ಲ ಸೇರಿದ ಇಡೀ ಸರಪಳಿಯ ಶಕ್ತಿಮಟ್ಟಗಳಿಂದ ಲೆಕ್ಕ ಹಾಕಬೇಕು. ಇಲ್ಲವಾದರೆ, ಒಂದು ಬಿಸಿ, ಒಂದು ತಣ್ಣಗೆ ಎಂದು ಎರಡು ಪರಿಸರ ಇಟ್ಟಾಗ, ಶಾಖ ತಣ್ಣಗಿನ ಕಡೆಯಿಂದ ಬಿಸಿ ಕಡೆಗೆ ಹರಿದಂತೆ ಉತ್ತರ ಬರಬಹುದು. ಲೆವಿ ಮತ್ತು ಕೊಸ್ಲೋಫ್ 2014ರಲ್ಲೇ ಇದನ್ನು ತೋರಿಸಿದ್ದಾರೆ. ಮೊದಲು ಎರಡೇ ಸ್ಪಿನ್ ಇಟ್ಟು, ಕೊನೆಯ ಸ್ಥಿತಿ ಗಿಬ್ಸ್ ಸ್ಥಿತಿಗೆ, ಅಂದರೆ ಆ ತಾಪಮಾನದ ಸಮತೋಲನ ಸ್ಥಿತಿಗೆ, ತಾಳೆಯಾಗುತ್ತದೋ ನೋಡಿ.

ಇನ್ನೊಂದು. ಲಿಂಡ್‌ಬ್ಲಾಡ್ ರೂಪದಲ್ಲಿ ಪರಿಸರಕ್ಕೆ ನೆನಪಿಲ್ಲ, ಹೋದದ್ದು ಹೋಯಿತು. ಕುಮಟೆ ಕಡೆಯ ಗಜನಿ ಗದ್ದೆ (ಉಪ್ಪುನೀರು ನುಗ್ಗುವ ಹೊಳೆದಂಡೆಯ ಗದ್ದೆ) ನೋಡಿದವರಿಗೆ ಅನುಮಾನ ಬರಲೇಬೇಕು: ಅಘನಾಶಿನಿ ಹೊಳೆಗೆ ಇಳಿದುಹೋದ ನೀರು ಭರತಕ್ಕೆ ಮತ್ತೆ ಗದ್ದೆ ಬಾಗಿಲಿಗೆ ಬರುತ್ತದೆ. ಪರಿಸರದ ನೆನಪು ಅಳಿಯುವ ಹೊತ್ತು ನಿಮ್ಮ ಸ್ಪಿನ್ ಬದಲಾಗುವ ಹೊತ್ತಿಗಿಂತ ತೀರಾ ಚಿಕ್ಕದಿರಬೇಕು. ಹಾಗಿಲ್ಲದಿದ್ದರೆ ತನಿಮುರಾ ಮತ್ತು ಕುಬೊ 1989ರಲ್ಲಿ ಕೊಟ್ಟ ಶ್ರೇಣೀಕೃತ ಸಮೀಕರಣಗಳು (HEOM, ಪರಿಸರದ ನೆನಪನ್ನೂ ಲೆಕ್ಕಕ್ಕೆ ಹಿಡಿಯುವಂಥವು) ಬೇಕು. ಅವು ಕ್ಯೂಟಿಪ್‌ನಲ್ಲಿವೆ, ಆದರೆ 12 ಸ್ಪಿನ್ನಿಗೆ ಕನಸು ಕಾಣಬೇಡಿ, ಮೂರ್ನಾಲ್ಕಕ್ಕೇ ಬೆವರಿಳಿಯುತ್ತದೆ.

ಸ್ಪಿನ್ನುಗಳ ನಡುವಿನ ಜೋಡಣೆ ಎಷ್ಟೆಂದು ನೀವು ಬರೆದಿಲ್ಲ. ಅದನ್ನೂ ತಾಪಮಾನವನ್ನೂ ಪ್ರಶ್ನೆಗೆ ಸೇರಿಸಿ, ದರಗಳನ್ನು ಕೂತು ನೋಡೋಣ.