ಅಟ್ಟದ ಮೇಲಿನ ಕ್ಯಾನು

ಬಿಯರ್ ಮಾಡುವ ಕೆಲಸಕ್ಕೆ ಹೋಗುತ್ತೇನೆ ಅನ್ನುವ ಮಗ, ತಲೆ ಮೇಲೆ ಕೈ ಹೊತ್ತ ಅಪ್ಪ ಅಮ್ಮ. ನಾನು ಆಪ್ತಸಮಾಲೋಚಕಿ. ಶಿವಮೊಗ್ಗದ ನನ್ನ ಕೋಣೆಗೆ ಈ ವರ್ಷ ಇಂಥವರು ಬಂದಿದ್ದು ಇದು ಮೂರನೇ ಸಲ. ಮೊದಲ ಎರಡರಲ್ಲಿ ನಾನು ಏನು ಹೇಳಿ ಕಳಿಸಿದೆ ಅನ್ನೋದು ಸರಿಯಾಗಿ ನೆನಪಿಲ್ಲ. ಮೂರನೆಯದು ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹೊಸನಗರದ ಕಡೆಯವರು ಅಂತ ಇಟ್ಟುಕೊಳ್ಳಿ.

ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಮಗ ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ. ಮುಗಿಸಿ ಎಂಟು ತಿಂಗಳಿಂದ ಮನೆಯಲ್ಲಿದ್ದ. ಮೇಷ್ಟ್ರು ಫೋನಿನಲ್ಲಿ ಹೇಳಿದ್ದು ಬೇರೆಯೇ. "ಮಗನಿಗೆ ಕುಡಿತ ಬಿಡಿಸಬೇಕು ಮೇಡಂ." ಅಡಿಕೆ ಚೀಲ ಇಳಿಸೋಕೆ ಅಟ್ಟ ಹತ್ತಿದಾಗ ಹಳೇ ಕಂಬಳಿ ಸುತ್ತಿದ ಇಪ್ಪತ್ತು ಲೀಟರಿನ ಕ್ಯಾನು ಸಿಕ್ಕಿತ್ತಂತೆ. ಮುಚ್ಚಳಕ್ಕೆ ಸಣ್ಣ ಪೈಪು, ಪೈಪಿನ ತುದಿ ನೀರಿನ ಬಾಟಲಿಯೊಳಗೆ. ಅದು ಗುಳುಗುಳು ಅನ್ನುತ್ತಿತ್ತು.

ಕುಡಿತದ ಅನುಮಾನ ಇದ್ದರೆ ನಾನು ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳನ್ನು ಕೇಳುತ್ತೇನೆ. ಒಟ್ಟು 40 ಅಂಕ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕುಡಿತ ಅಪಾಯದ ಕಡೆ ಹೊರಟಿದೆ ಅಂತ ಅರ್ಥ. ಇವನಿಗೆ ಬಂದಿದ್ದು 3. ಹಾಗಾದರೆ ಕ್ಯಾನು ಯಾಕಪ್ಪಾ ಅಂದೆ. ಅಲ್ಲಿವರೆಗೆ ನೆಲ ನೋಡುತ್ತಿದ್ದವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. ನಾವು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸುತ್ತೀವಲ್ಲ, ಬಿಯರಿನ ಬಾರ್ಲಿಗೂ ಹಾಗೇ ಅಂದ. ಅದನ್ನು ನುಚ್ಚು ಮಾಡಿ ಸುಮಾರು 65 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. "ನೀರು ತೀರಾ ಕಾದ್ರೆ ಸಕ್ಕರೆ ಮಾಡೋ ಕಿಣ್ವ ಸತ್ತೇ ಹೋಗುತ್ತೆ ಮೇಡಂ. ಅವತ್ತಿನ ಕೆಲಸ ಅಲ್ಲಿಗೆ ಮುಗೀತು." ಸೋಸಿದ ರಸ ಆಲೆಮನೆ ಹಾಗೆ ಘಮ್ ಅನ್ನುತ್ತದಂತೆ. ಆಮೇಲೆ ಕಹಿಗೆ ಹಾಪ್ಸ್ ಅನ್ನುವ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬಿಡುವುದು. ಚಟ ಇರುವವರು ಕುಡಿತದ ಮಾತು ಬಂದರೆ ಜಾರಿಕೊಳ್ಳುತ್ತಾರೆ. ಇವನು ಥರ್ಮಾಮೀಟರ್ ಹಿಡಿದುಕೊಂಡೇ ನಿಂತಿದ್ದ.

ಎರಡನೇ ಭೇಟಿಗೆ ಮೂವರೂ ಬಂದರು. ಹೊರಗೆ ಆಷಾಢದ ಮಳೆ. ಮೇಷ್ಟ್ರು "ಊರವರು ಏನಂತಾರೆ" ಅಂತ ಶುರು ಮಾಡುತ್ತಾರೆ, ನಾನು "ಯಾವ ಕೆಲಸದಲ್ಲೂ ಅವಮಾನ ಇಲ್ಲ" ಅಂತ ಹೇಳುವುದು ಅಂತ ತಯಾರಾಗಿ ಕೂತಿದ್ದೆ. ಮಗನೂ ತಯಾರಾಗಿಯೇ ಬಂದಿದ್ದ. "ಅಪ್ಪಯ್ಯ, ನೀವು ಮೂವತ್ತು ವರ್ಷ ಪಿಎಚ್ ಪಾಠ ಮಾಡಿದ್ರಲ್ಲ? ಅದನ್ನ 1909ರಲ್ಲಿ ಸೋರೆನ್ಸನ್ ಕಂಡುಹಿಡಿದಿದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ. ಬಿಯರ್ ಕಂಪನಿಯವರದ್ದೇ ಲ್ಯಾಬು."

ಮೇಷ್ಟ್ರು ಮಗನ ಕಡೆ ತಿರುಗಲಿಲ್ಲ. ನನಗೆ ಹೇಳಿದರು. "ಮೇಡಂ, ನಮ್ಮಪ್ಪ ಬಗನಿ ಮರದಿಂದ ಇಳಿದಿದ್ದು ಇವನು ಮತ್ತೆ ಹತ್ತಲಿ ಅಂತಲ್ಲ."

ಮಗನಿಗೆ ಅರ್ಥವಾಗಲಿಲ್ಲ. ಅಜ್ಜ ಗದ್ದೆ ಮಾಡಿಕೊಂಡಿದ್ದವರು ಅಂತಲೇ ಅವನು ಕೇಳಿ ಬೆಳೆದಿದ್ದು. ಮೇಷ್ಟ್ರು ನಿಧಾನಕ್ಕೆ ಹೇಳುತ್ತಾ ಹೋದರು. ಅಜ್ಜ ಬೆಳಿಗ್ಗೆ, ಸಂಜೆ ಬಗನಿ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಮರ ತಿಕ್ಕಿ ತಿಕ್ಕಿ ಎದೆಯ ಚರ್ಮ ಗಟ್ಟಿಯಾಗಿತ್ತು. ಶಾಲೆಯಲ್ಲಿ ಹುಡುಗರು ಇವರನ್ನು ಕರೆಯುತ್ತಿದ್ದದ್ದು "ಕಳ್ಳಿನ ಗಡಿಗೆ" ಅಂತ. ಒಂದು ದಿನ ಇವರು ಅಳುತ್ತಾ ಬಂದರು. ಅಜ್ಜ ಏನೂ ಕೇಳಲಿಲ್ಲ. ಕತ್ತಿ ತೊಳೆದು ಮಾಡಿಗೆ ಸಿಕ್ಕಿಸಿದರು. ಮತ್ತೆ ತೆಗೆಯಲಿಲ್ಲ. ಆಮೇಲೆ ಕೂಲಿ, ಗೇಣಿ, ಎರಡು ವರ್ಷ ಗಂಜಿಗೂ ಕಷ್ಟ.

ಕೋಣೆಯಲ್ಲಿ ಸ್ವಲ್ಪ ಹೊತ್ತು ಮಳೆ ಸದ್ದು ಮಾತ್ರ. ನಾನು ತಯಾರು ಮಾಡಿಕೊಂಡಿದ್ದ ಮಾತನ್ನು ನುಂಗಿಕೊಂಡೆ. ನಮ್ಮಜ್ಜ ಯಾವ ಮರದಿಂದಲೂ ಇಳಿಯಬೇಕಾಗಿರಲಿಲ್ಲ. ಅವಮಾನ ಇಲ್ಲ ಅನ್ನುವುದು ನನಗೆ ಸುಲಭ. ಆಮೇಲೆ ಹುಡುಗ ಮೆಲ್ಲಗೆ ಕೇಳಿದ, "ಆ ಕತ್ತಿ ಎಲ್ಲಿದೆ ಅಪ್ಪಯ್ಯ?" ಮೇಷ್ಟ್ರು ಉತ್ತರ ಕೊಡಲಿಲ್ಲ. ಅಮ್ಮ ಕೊಟ್ಟರು. "ಅಟ್ಟದ ಮೇಲೇ ಇದೆ."

ಸಲಹೆ ಕೊಟ್ಟಿದ್ದು ಮೂರನೇ ಭೇಟಿಯಲ್ಲಿ. ಮೊದಲನೆಯದು ಕ್ಯಾನು ಚೆಲ್ಲು ಅಂತ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಅಪರಾಧ. ಕಲಿಯೋಕೆ ಅಂದರೂ ಅಷ್ಟೇ. ಸರ್ಕಾರಿ ನೌಕರನ ಮನೆಯ ಅಟ್ಟದಲ್ಲಂತೂ ಬೇಡವೇ ಬೇಡ. ಇನ್ನೊಂದು, ಬಿಯರ್ ತಯಾರಿಕೆ ಕಲಿಸುವ ಬರ್ಲಿನ್ನಿನ ವಿಎಲ್‌ಬಿ ಸಂಸ್ಥೆಯ ಬ್ರೂಮಾಸ್ಟರ್ ಕೋರ್ಸಿಗೆ ತೋಟದ ಮೇಲೆ ಸಾಲ ಎತ್ತುವ ಯೋಚನೆಯನ್ನು ಈಗಲೇ ಕೈಬಿಡು ಅಂದೆ. ಸಂಸ್ಥೆ ಒಳ್ಳೆಯದೇ, 1883ರಿಂದ ಇದೆ. ಆದರೆ ಕೆಲಸ ಹೇಗಿದೆ ಅಂತ ನೋಡದೆ ತೋಟ ಅಡ ಇಡುವುದು ಸರಿಯಲ್ಲ. ಬೆಂಗಳೂರಿನಲ್ಲಿ ಅಲ್ಲೇ ಬಿಯರ್ ಮಾಡಿ ಮಾರುವ ಮೈಕ್ರೋಬ್ರೂವರಿಗಳು ಬೇಕಾದಷ್ಟಿವೆ. ಒಂದು ವರ್ಷ ಸಹಾಯಕನಾಗಿ ದುಡಿ. ಈ ಕೆಲಸದಲ್ಲಿ ಮುಕ್ಕಾಲು ಭಾಗ ತೊಳೆಯುವುದೇ. ಮಾಲ್ಟ್ ಅಂದರೆ ಆ ಮೊಳಕೆ ಬಾರ್ಲಿಯ 25 ಕೆಜಿ ಮೂಟೆ ಹೊರಬೇಕು, ಗಮ್‌ಬೂಟು ಹಾಕಿಕೊಂಡು ಬಿಸಿ ಕಾಸ್ಟಿಕ್ ಸೋಡಾ ನೀರು ಬಿಟ್ಟು ಟ್ಯಾಂಕ್ ತೊಳೆಯಬೇಕು. ಟ್ಯಾಂಕಿನ ತಳದಲ್ಲಿ ಕಾರ್ಬನ್ ಡೈಆಕ್ಸೈಡ್ ನಿಂತಿರುತ್ತದೆ, ಸುಮ್ನೆ ಒಳಗೆ ತಲೆ ಹಾಕಿದರೆ ಜೀವಕ್ಕೇ ಅಪಾಯ. ಇಷ್ಟಾದ ಮೇಲೂ ಆಸೆ ಉಳಿದರೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ಬ್ರೂಯಿಂಗ್ ಅಂಡ್ ಡಿಸ್ಟಿಲಿಂಗ್‌ನ ಪರೀಕ್ಷೆಗಳಿವೆ, ಕೆಲಸ ಮಾಡುತ್ತಲೇ ಓದಬಹುದು. ಆಸೆ ಹೋದರೆ ಡೈರಿ, ಔಷಧ ಕಂಪನಿಗಳ ಲ್ಯಾಬಿಗೂ ಅದೇ ಓದು ಸಾಕು.

ಒಂದು ಷರತ್ತನ್ನೂ ಹಾಕಿದೆ. ರುಚಿ ನೋಡುವುದು ಕೆಲಸದ ಭಾಗ, ಸರಿ. ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಕುಡಿಯುವುದು ಬೇಡ. ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಅದೇ ಹತ್ತು ಪ್ರಶ್ನೆಗೆ ಉತ್ತರ ಕೊಡಬೇಕು. ಪುಕ್ಕಟೆ ಬಿಯರ್ ಕೈಗೆಟುಕುವಲ್ಲೇ ಇರುವ ಕೆಲಸದಲ್ಲಿ 3 ಇದ್ದದ್ದು 8 ಆಗೋಕೆ ಜಾಸ್ತಿ ದಿನ ಬೇಕಾಗಿಲ್ಲ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದನ್ನು ಕೇಳಿ ರೇಗಿದರು. "ಕುಡುಕ ಗಂಡಂದಿರ ಹೆಂಡತಿಯರ ಕಣ್ಣೀರು ಒರೆಸೋರು ನೀವು. ಹುಡುಗನ್ನ ಬಿಯರ್ ಮಾಡೋಕೆ ಕಳಿಸ್ತೀರಾ?" ಆ ಮಾತು ನನಗೆ ಈಗಲೂ ಚುಚ್ಚುತ್ತದೆ. 2007ರಲ್ಲಿ ಸಾರಾಯಿ ನಿಂತಾಗ ಖುಷಿಪಟ್ಟವಳು ನಾನು. ಆದರೆ ನನ್ನೆದುರು ಕೂತಿದ್ದವನು ಇಪ್ಪತ್ನಾಲ್ಕು ವರ್ಷದವನು, ಕಾನೂನು ಒಪ್ಪಿದ ಕೆಲಸ ಕೇಳುತ್ತಿದ್ದಾನೆ. ನಾನು ಬೇಡ ಅಂದಿದ್ದರೂ ಹೋಗುತ್ತಿದ್ದ. ಹೋದವನು ನನಗೆ ಫೋನ್ ಮಾಡುತ್ತಿರಲಿಲ್ಲ, ಅಪ್ಪನಿಗೂ ಮಾಡುತ್ತಿರಲಿಲ್ಲ. ಇಂಥ ಮನೆಗಳಲ್ಲಿ ನಾನು ಕಾಪಾಡೋಕೆ ನೋಡುವುದು ಆ ಫೋನನ್ನು. ಇದು ತಪ್ಪು ಅನ್ನಿಸಿದರೆ ಅನ್ನಿಸಲಿ.

ಈಗ ಅವನು ಬೆಂಗಳೂರಿನಲ್ಲಿದ್ದಾನೆ. ಎರಡು ಪ್ಯಾಂಟಿಗೆ ಆಸಿಡ್ ಬಿದ್ದು ತೂತಾಗಿದೆಯಂತೆ. ಮೊದಲ ಮೂರು ತಿಂಗಳ ಅಂಕ 4. ಮೇಷ್ಟ್ರು ನೆಂಟರ ಹತ್ತಿರ "ಫುಡ್ ಕಂಪನಿ" ಅಂತ ಹೇಳಿಕೊಂಡಿದ್ದಾರೆ. ಮಗನ ಜೊತೆ ಕೆಲಸದ ವಿಷಯ ಎತ್ತುವುದಿಲ್ಲ. ಹೋದ ವಾರ ಮಾತ್ರ ಒಂದು ಕೇಳಿದರಂತೆ, ರಸ ತೆಗೆದ ಮೇಲೆ ಆ ಬಾರ್ಲಿ ಚರಟ ಏನು ಮಾಡ್ತಾರೆ ಅಂತ. ದನಕ್ಕೆ ಹಾಕೋಕೆ ಒಯ್ಯುತ್ತಾರೆ ಅಂದನಂತೆ ಇವನು.

"ಒದ್ದೆ ಇರುತ್ತಲ್ಲ, ಎಷ್ಟು ದಿನ ಕೆಡದೆ ಇರುತ್ತೆ?" ಅಂದರಂತೆ ಮೇಷ್ಟ್ರು.